ಬೇಡವಾದ ಸದ್ದುಗಳ ದಾನ

ನಮ್ಮೂರಿನವರ ಕೈ ದೊಡ್ಡದು. ಈ ಮಾತು ನನ್ನದಲ್ಲ, ನಮ್ಮೂರಿನವರೇ ದಿನಕ್ಕೆ ಎರಡು ಸಲ ಹೇಳಿಕೊಳ್ಳುವುದು. ಕಿವುಡು ಮಕ್ಕಳಿಗೆ ಕಿವಿಯ ಮಷಿನ್ ಕೊಡಿಸುವ ಸಂಘವೊಂದು ಇಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಡೆಯುತ್ತಿದೆ. ಅದರಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಕೆಲಸಕ್ಕಿದ್ದೇನೆ. ನನ್ನ ಹೆಸರು ಬಸಲಿಂಗವ್ವ. ಮಕ್ಕಳ ಕಿವಿಯ ಅಚ್ಚು ತೆಗೆಯುವುದು ನನ್ನ ಕೆಲಸ. ಗುಲಾಬಿ ಬಣ್ಣದ ಹಿಟ್ಟು ನಾದಿ, ಕಿವಿಯೊಳಗೆ ದಾರ ಕಟ್ಟಿದ ಹತ್ತಿಯುಂಡೆ ಇಟ್ಟು, ಅದರ ಮೇಲೆ ಹಿಟ್ಟು ತುಂಬಿ, ಗಟ್ಟಿಯಾಗುವತನಕ ಮಗು ಅಲುಗದಂತೆ ಹಿಡಿದುಕೊಳ್ಳಬೇಕು. ಐದೇ ನಿಮಿಷ. ಆ ಐದು ನಿಮಿಷದಲ್ಲಿ ನಾನು ಎಷ್ಟು ಸಲ ಒದೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಆರು ತಿಂಗಳಿಗೊಮ್ಮೆ ಹೊಸ ಅಚ್ಚು, ಹೊಸ ಒದೆ.

ಅಚ್ಚು ನಾನು ಮಾಡಿಕೊಡುತ್ತೇನೆ, ಮಷಿನ್ ಸಂಘದವರು ತರಿಸುತ್ತಾರೆ. ಆದರೆ ಮಷಿನ್ ಬರುವಾಗ ಖಾಲಿ ಇರುತ್ತದೆ. ಅದರೊಳಗೆ ಸದ್ದು ತುಂಬಬೇಕಾದವರು ದಾನಿಗಳು. ಕೊಡುವವರು ಅದನ್ನು ಮುಷ್ಟಿಯಲ್ಲಿ ಹಿಡಿದು ಕಿವಿಗೆ ಆನಿಸಿಕೊಂಡು, ಕೊಡಬೇಕಾದ ಸದ್ದನ್ನು ನೆನೆದು, ‘ಕೊಟ್ಟೆ’ ಅನ್ನಬೇಕು. ಅಲ್ಲಿಗೆ ಆ ಸದ್ದು ಅವರಿಗೆ ಕೇಳುವುದು ನಿಲ್ಲುತ್ತದೆ, ಮಗುವಿಗೆ ಕೇಳತೊಡಗುತ್ತದೆ. ಒಬ್ಬರು ಜನ್ಮಕ್ಕೆ ಒಂದೇ ಸದ್ದು ಕೊಡಬಹುದು. ತನ್ನ ದನಿಯನ್ನು ತಾನೇ ಕೊಡಲು ಬರುವುದಿಲ್ಲ. ಹಿಂದೆ ಯಾರೋ ಪ್ರಯತ್ನಪಟ್ಟು ಎಂಟು ದಿನ ಗಂಟಲು ಕಟ್ಟಿಕೊಂಡು ಕೂತರು, ಮಷಿನ್ ಮಾತ್ರ ಖಾಲಿಯೇ ಉಳಿಯಿತು. ನಮ್ಮ ದನಿ ನಮ್ಮದಲ್ಲ, ಕೇಳುವವರದು ಎಂದು ಸಂಘದವರು ಅದಕ್ಕೊಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ದಾರೆ.

ಇನ್ನು ಜನ ಏನು ಕೊಡುತ್ತಾರೆ ಎಂದು ಕೇಳಿದಿರಾ? ಹರಿದ ಅಂಗಿ ದಾನ ಕೊಡುವವರು ಸದ್ದು ಮಾತ್ರ ಒಳ್ಳೆಯದನ್ನು ಹುಡುಕಿ ಕೊಟ್ಟಾರೆಯೇ? ಕಿರಾಣಿ ಅಂಗಡಿಯವನು ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಕೊಟ್ಟ. ಹೊಸ ಸೊಸೆಯೊಬ್ಬಳು ಅತ್ತೆಯ ಕೆಮ್ಮು ಕೊಟ್ಟಳು. ಮರುವಾರವೇ ಅತ್ತೆ ಬಂದು ಸೊಸೆಯ ಕಾಲ್ಗೆಜ್ಜೆ ಕೊಟ್ಟು ಹೋದಳು. ನಿವೃತ್ತ ಅಧಿಕಾರಿಯೊಬ್ಬರು ಸೊಳ್ಳೆಯ ಗುಂಯ್ ಕೊಟ್ಟರು, ಆಮೇಲೆ ಸೊಳ್ಳೆಗಳು ಸುಳಿವು ಕೊಡದೆ ಕಚ್ಚುತ್ತಿವೆ ಎಂದು ಸಂಘದ ಮೇಲೆ ಅರ್ಜಿ ಬರೆದರು. ಹೋಟೆಲಿನವನು ತಟ್ಟೆ ಬೀಳುವ ಸದ್ದು, ಅವನ ಹೆಂಡತಿ ಕುಕ್ಕರಿನ ಸೀಟಿ. ಗೊರಕೆ, ಹಾರ್ನು, ಕತ್ತೆ, ನಾಯಿ ಇವಕ್ಕಂತೂ ಬರವಿಲ್ಲ. ಎಲ್ಲರಿಗೂ ಒಂದು ಶಾಲು, ಒಂದು ಹಾರ, ಒಂದು ಫೋಟೊ. ಕೊಟ್ಟು ಹಗುರಾಗಿ ಮನೆಗೆ ಹೋಗುವವರ ಮುಖದಲ್ಲಿ ಎಂಥ ಕಳೆ ಇರುತ್ತದೆ ಅಂತೀರಿ!

ಮಕ್ಕಳ ಶಾಲೆಯ ಸುಲೋಚನಾ ಅಕ್ಕೋರು ಇದಕ್ಕೂ ಹೊಂದಿಕೊಂಡರು. ಅವರ ಚೀಲದಲ್ಲಿ ಸೀಮೆಸುಣ್ಣ, ಪುಸ್ತಕದ ಜೊತೆಗೆ ಒಂದು ಕಾಲ್ಗೆಜ್ಜೆ, ಒಂದು ಹಾರ್ನು, ಒಂದು ಹಳೆಯ ತಟ್ಟೆ. ಹಾಜರಿ ಕರೆಯುವಾಗ ಗೆಜ್ಜೆ ಅಲುಗಿಸಿದರೆ ಒಂದು ಹುಡುಗಿ ಎದ್ದು ನಿಲ್ಲುತ್ತಾಳೆ, ಹಾರ್ನು ಒತ್ತಿದರೆ ನಾಲ್ಕು ಮಕ್ಕಳು. ಬಿಸಿಯೂಟದ ಕುಕ್ಕರ್ ಕೂಗಿದರೆ ಅರ್ಧ ತರಗತಿಯೇ ಏಳುತ್ತದೆ. ಸೊಳ್ಳೆ ಬಿಟ್ಟು ಬೇರೇನೂ ಕೇಳದ ಹುಡುಗನೊಬ್ಬನಿದ್ದ, ಅವನ ಹಾಜರಿಯನ್ನು ಅಕ್ಕೋರು ಕಣ್ಣಿಂದಲೇ ಹಾಕಿಕೊಳ್ಳುತ್ತಿದ್ದರು. ಮನುಷ್ಯರ ಮಾತು ಮಾತ್ರ ಯಾವ ಮಷಿನ್ನಿನಲ್ಲೂ ಇರಲಿಲ್ಲ. ಮಾತು ಕೊಟ್ಟರೆ ನಮಗೇನು ಉಳಿಯುತ್ತದೆ ಎಂದು ಜನ ಕೇಳುತ್ತಿದ್ದರು. ಅದೂ ಸರಿಯೇ ಅನ್ನಿ.

ನನ್ನ ತಂಗಿ ಫಕೀರವ್ವನ ಮಗಳು ಕಸ್ತೂರಿ ಆ ಮಕ್ಕಳಲ್ಲಿ ಒಬ್ಬಳು. ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. ನನ್ನ ಗಂಡ ತೀರಿಕೊಂಡ, ಫಕೀರವ್ವನ ಗಂಡ ಕಸ್ತೂರಿ ಹುಟ್ಟುವ ಮೊದಲೇ ಯಾವುದೋ ಲಾರಿ ಹತ್ತಿ ಹೋದವನು ಇಳಿಯುವುದನ್ನೇ ಮರೆತ. ನಮ್ಮ ಅವ್ವ ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಫಕೀರವ್ವ ಕೈಗಾಡಿಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. ‘ಬದನೀಕಾಯೀ, ಸವತೀಕಾಯೀ’ ಎಂದು ಮುಂಜಾನೆ ಐದಕ್ಕೇ ಅವಳು ನಮ್ಮ ಓಣಿಯಲ್ಲಿ ಕೂಗಿದರೆ ಮೂರನೆಯ ಓಣಿಯಲ್ಲಿ ಹೆಂಗಸರು ಬುಟ್ಟಿ ಹುಡುಕತೊಡಗುತ್ತಾರೆ. ಮನೆಗೆ ಬಂದರೂ ಆ ಬಾಯಿ ನಿಲ್ಲುವುದಿಲ್ಲ. ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ, ಸರಿಯಾಗಿದ್ದರೆ ಇವತ್ತು ಯಾಕೆ ಇಷ್ಟು ಸರಿಯಾಗಿದೆ ಎಂದು ಜಗಳ. ನಾನೇನು ಕಡಿಮೆಯಲ್ಲ, ಒಂದಕ್ಕೆ ಎರಡು ಕೊಡುತ್ತೇನೆ. ನಲವತ್ತು ವರ್ಷಗಳಿಂದ ಇದೇ ನಡೆದಿದೆ.

ಕಸ್ತೂರಿಯ ಮಷಿನ್ನಿನಲ್ಲಿ ಏಳು ಸದ್ದುಗಳಿದ್ದವು. ಅವುಗಳಲ್ಲಿ ಫಕೀರವ್ವನ ಕೈಗೆ ಎಟುಕುವುದು ತಟ್ಟೆ ಬೀಳುವ ಸದ್ದು ಒಂದೇ. ಮಗಳನ್ನು ಕರೆಯಬೇಕೆಂದರೆ ಅವಳು ತಟ್ಟೆ ಎತ್ತಿ ಬೀಳಿಸುತ್ತಿದ್ದಳು. ಊಟಕ್ಕೆ ಒಂದು ಸಲ, ಜಳಕಕ್ಕೆ ಎರಡು ಸಲ, ಸಿಟ್ಟು ಬಂದರೆ ಮೂರು ಸಲ. ನಮ್ಮ ಮನೆಯಲ್ಲಿ ನೆಗ್ಗದ ತಟ್ಟೆ ಒಂದೂ ಉಳಿಯಲಿಲ್ಲ, ಸಾರು ಯಾವಾಗಲೂ ಒಂದು ಮೂಲೆಗೆ ಸರಿದು ನಿಲ್ಲುತ್ತಿತ್ತು. ಕಸ್ತೂರಿಗೆ ಮಾತ್ರ ಅವ್ವನ ಬಾಯಿಯ ಮೇಲೆಯೇ ಕಣ್ಣು. ಗಾಡಿಯ ಮೇಲೆ ಕೂತು, ಅವ್ವ ಕೂಗುವಾಗ ಅವಳ ಗಂಟಲಿನ ಮೇಲೆ ಅಂಗೈ ಇಟ್ಟುಕೊಂಡು, ಅದು ನಡುಗಿದಂತೆಲ್ಲ ನಗುತ್ತಿದ್ದಳು. ನೋಡಿದವರು ಚಂದ ಅನ್ನುತ್ತಿದ್ದರು. ನಾನು ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಸುಲೋಚನಾ ಅಕ್ಕೋರು ಮನೆಗೇ ಬಂದರು.

“ಬರೂ ಯುಗಾದಿಗೆ ಹುಡುಗಿಗೆ ಏಳು ತುಂಬತಾವ, ಫಕೀರವ್ವ. ಅಷ್ಟರಾಗ ಮನಶ್ಯಾರ ಮಾತು ಕಿವಿಗೆ ಬೀಳಲಿಲ್ಲಂದ್ರ ಆಮ್ಯಾಲೆ ಬಾಯಾಗ ಮಾತು ಬರೂದಿಲ್ಲ. ನಾ ಹಿಂಗ ಎಷ್ಟ್ ಹುಡುಗರನ್ನ ಕಂಡೀನಿ. ಬ್ಯಾರೆ ಯಾರ ದನೀನೂ ಬ್ಯಾಡ, ನಿನ್ನ ದನಿ ತುಂಬಸು ಸಾಕು.”

“ನನ್ನ ದನಿ ನಾ ಕೊಡಾಕ ಬರೂದಿಲ್ಲಲ್ರೀ.”

“ಕೇಳಿದವರು ಕೊಡಬಕು,” ಅಂದರು ಅಕ್ಕೋರು. ಅನ್ನುವಾಗ ನನ್ನ ಕಡೆ ಒಮ್ಮೆ ನೋಡಿ, ತಟ್ಟನೆ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನೂ ಕ್ಯಾಲೆಂಡರನ್ನೇ ನೋಡಿದೆ.

ಫಕೀರವ್ವ ನನ್ನನ್ನು ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಪಕ್ಕದ ಮನೆಗೆ ನಡೆದಳು. ಅದು ಗುರುಶಾಂತಪ್ಪನವರ ಮನೆ. ಎಣ್ಣೆ ಗಾಣದ ಯಜಮಾನರು, ನಮ್ಮ ಸಂಘದ ಅಧ್ಯಕ್ಷರು. ಅಧ್ಯಕ್ಷರಾಗಿ ಹನ್ನೊಂದು ವರ್ಷವಾದರೂ ಅವರು ತಮ್ಮ ಸದ್ದು ಕೊಟ್ಟಿರಲಿಲ್ಲ. ಜನ್ಮಕ್ಕೆ ಒಂದೇ ಅವಕಾಶ, ದುಡುಕಬಾರದು ಎನ್ನುತ್ತಿದ್ದರು. ಒಮ್ಮೆ ಗಾಣದ ಕಿರುಗುಟ್ಟುವಿಕೆ ಕೊಡಬೇಕೆಂದಿದ್ದರು, ಒಮ್ಮೆ ಷಡ್ಡಕನ ನಗು. ನಾನೂ ಇನ್ನೂ ಕೊಟ್ಟಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗುರುಶಾಂತಪ್ಪನವರ ವಾರ್ಷಿಕೋತ್ಸವದ ಭಾಷಣ ಕೊಡಬೇಕೆಂದು ಕಾದಿರಿಸಿದ್ದೆ, ಆದರೆ ಯಾವ ಮಗುವಿನ ತಲೆಗೆ ಅದನ್ನು ಕಟ್ಟುವುದು ಎಂದು ಮನಸ್ಸು ಬರಲಿಲ್ಲ.

ಫಕೀರವ್ವನ ಮಾತು ಕೇಳಿದ್ದೇ ತಡ, ಗುರುಶಾಂತಪ್ಪನವರು ಕುರ್ಚಿಯಿಂದ ಎದ್ದುನಿಂತರಂತೆ. “ನಿನ್ನ ದನಿ ನನಗ ಪೂರಾ ಕೇಳೂದ ನಿಂತ್ ಬಿಡತೈತೇನ? ಅಂದ್ರ, ಮುಂಜಾನಿ ಐದಕ್ಕೂ?” ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರಂತೆ. ಬರುವ ಭಾನುವಾರವೇ ಸಮಾರಂಭ ಇಟ್ಟುಕೊಂಡರು.

ಶಾಮಿಯಾನ ಹಾಕಿದರು, ಮೈಕು ತರಿಸಿದರು. ಕಿವುಡು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮುಕ್ಕಾಲು ಗಂಟೆ ಭಾಷಣ ಮಾಡಿದರು. ತ್ಯಾಗ ಎಂಬ ಮಾತು ಹದಿನೇಳು ಸಲ ಬಂತು. ನಂತರ ಮಷಿನ್ನನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮುಖದ ತುಂಬ ನಗು ತುಂಬಿಕೊಂಡು, “ಕೊಟ್ಟೆ! ಪೂರ್ತಿ ಕೊಟ್ಟೆ!” ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಮಷಿನ್ನಿಗೆ ಅಚ್ಚು ಜೋಡಿಸಿ ಕಸ್ತೂರಿಯ ಕಿವಿಗೆ ಹಾಕಿದೆ.

ಫಕೀರವ್ವ ಮಗಳ ಮುಂದೆ ಮೊಣಕಾಲೂರಿ ಕೂತಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನನ್ನನ್ನು ಬಿಟ್ಟು ಊರಿನಲ್ಲಿ ಯಾರೂ ಕೇಳಿರಲಿಲ್ಲ. “ಕಸ್ತೂರಿ. ನನ್ನವ್ವಾ. ಕೇಳತೈತೇನ ನನ ಕಂದಾ?”

ಕಸ್ತೂರಿ ಅವ್ವನ ಬಾಯಿ ನೋಡುತ್ತ ಕೂತಳು. ಮುಖದಲ್ಲಿ ಏನೂ ಆಗಲಿಲ್ಲ. ಫಕೀರವ್ವ ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಕೊನೆಗೆ ಎದ್ದು ಗುರುಶಾಂತಪ್ಪನವರ ಕಡೆ ತಿರುಗಿ, “ಏನ ಕೊಟ್ರೀ ನೀವು? ಮಂದಿ ಮುಂದ ಸುಳ್ಳ ಹೇಳಾಕ ನಾಚಿಕಿ ಬರೂದಿಲ್ಲೇನ್ರೀ?” ಎಂದು ಗುಡುಗಿದಳು. ಕಸ್ತೂರಿ ಬೆಚ್ಚಿಬಿದ್ದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕಿರುಚುತ್ತ ಓಡಿ ಬಂದು ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು. ಗುರುಶಾಂತಪ್ಪನವರು ಮಾತ್ರ ಫಕೀರವ್ವನ ತುಟಿಗಳನ್ನು ನೋಡುತ್ತ, “ಆಹಾ, ಏನೂ ಕೇಳವಲ್ದು” ಎಂದು ಪರಮಾನಂದದಲ್ಲಿ ನಿಂತಿದ್ದರು.

ಆಮೇಲೆ ನಮಗೆ ಹೊಳೆಯಿತು. ಕೊಡುವವರು ಕೇಳಿದ್ದಷ್ಟೇ ಮಷಿನ್ನಿಗೆ ಬರುವುದು. ಗುರುಶಾಂತಪ್ಪನವರು ಗೋಡೆಯಾಚೆಯಿಂದ ಕೇಳಿದ್ದು ಫಕೀರವ್ವನ ಕೂಗು ಮತ್ತು ಬೈಗುಳ. ಅವಳು ಮೆತ್ತಗೆ ಮಾತಾಡಿದ್ದು, ಗುನುಗಿದ್ದು, ನಕ್ಕಿದ್ದು ಗೋಡೆ ದಾಟಿ ಯಾವತ್ತೂ ಹೋಗಿರಲಿಲ್ಲ. ಗಿರಣಿ, ಕತ್ತೆ ಕೊಡುವಾಗ ಈ ತೊಡಕು ಬಂದಿರಲಿಲ್ಲ. ಕತ್ತೆ ಎಲ್ಲರ ಕಿವಿಗೂ ಕತ್ತೆಯೇ. ಈಗ ಕಸ್ತೂರಿಗೆ ಅವ್ವ ಮುದ್ದಿಸಿದರೆ ನಿಶ್ಶಬ್ದ, ಸಿಟ್ಟಾದರೆ ಸಿಡಿಲು. ಅವ್ವ ಬಾಯಿ ತೆರೆದರೆ ಸಾಕು, ಮಗು ಮೊದಲೇ ಕಿವಿ ಮುಚ್ಚಿಕೊಳ್ಳತೊಡಗಿತು. ಗಂಟಲಿನ ಮೇಲೆ ಅಂಗೈ ಇಡುವುದನ್ನು ಬಿಟ್ಟುಬಿಟ್ಟಿತು.

ಫಕೀರವ್ವ ಮಗಳು ಹೆದರುತ್ತಾಳೆಂದು ಕೂಗುವುದನ್ನು ನಿಲ್ಲಿಸಿದಳು. ಗಾಡಿ ತಳ್ಳಿಕೊಂಡು ಸುಮ್ಮನೆ ಹೋಗಿ ಸುಮ್ಮನೆ ಬರುತ್ತಿದ್ದಳು, ಬದನೆಕಾಯಿ ಸುಕ್ಕುಗಟ್ಟಿ ಗಾಡಿಯಲ್ಲೇ ಉಳಿಯುತ್ತಿದ್ದವು. ಮನೆಯಲ್ಲೂ ಮಾತಿಲ್ಲ. ಒಂದು ದಿನ ನಾನು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಉಂಡೆದ್ದಳು, ಏನೂ ಅನ್ನಲಿಲ್ಲ. ಹದಿನೈದು ದಿನ ಹೀಗೆ ಕಳೆಯಿತು. ಓಣಿಯವರೆಲ್ಲ ಎಷ್ಟು ಶಾಂತವಾಗಿದೆ ನೋಡು ಎಂದು ಖುಷಿಪಟ್ಟರು. ನನಗೆ ಮಾತ್ರ ಮನೆಯೊಳಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಅವಳ ದನಿಯಿಲ್ಲದೆ ನನಗೆ ಇರಲಾಗುವುದಿಲ್ಲ ಎಂದು ತಿಳಿದದ್ದು ಆಗಲೇ, ಅದೂ ಸರಿಯಾಗಿ ಅದನ್ನು ಕೊಡಬೇಕಾದ ಹೊತ್ತಿಗೆ. ನನ್ನ ಹಣೆಬರಹಕ್ಕಿಷ್ಟು ಬೆಂಕಿ ಹಾಕಲಿ.

ಏಕೆಂದರೆ ಆ ದನಿಯನ್ನು ಪೂರ್ತಿ ಕೇಳಿದವಳು ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೆ. ಅವಳು ಹುಟ್ಟಿದಾಗ ನನಗೆ ಆರು ವರ್ಷ. ಮುಚ್ಚಿದ ಬಾಗಿಲ ಹೊರಗೆ ಕೂತು ಅವಳ ಮೊದಲ ಅಳು ಕೇಳಿದವಳು ನಾನು. ಅವ್ವ ಹೋದಾಗ ‘ಅಕ್ಕಾ, ಹೊಟ್ಟಿ ಹಸದೈತಿ’ ಎಂದು ಪಿಸುಗುಟ್ಟಿದ್ದು ನನ್ನ ಕಿವಿಯಲ್ಲಿ. ರೊಟ್ಟಿ ಬಡಿಯುವಾಗ ಅವಳು ಗುನುಗುವುದನ್ನು, ಜ್ವರ ಬಂದಾಗ ನರಳುವುದನ್ನು, ಗಂಡ ಬರುವುದಿಲ್ಲವೆಂದು ಖಚಿತವಾದ ದಿನ ಪಾತ್ರೆ ತಿಕ್ಕುತ್ತ ನಕ್ಕಿದ್ದನ್ನು ಬೇರೆ ಯಾರು ಕೇಳಿದ್ದಾರೆ?

ನಾನೇ ಬಾಯಿಬಿಟ್ಟು ಹೇಳಿದೆ. “ನಾ ಕೊಡ್ತೀನಿ.”

“ಬ್ಯಾಡ,” ಅಂದಳು. ಹದಿನೈದು ದಿನದ ಮೇಲೆ ಮೊದಲ ಮಾತು.

“ಯಾಕ ಬ್ಯಾಡ?”

“ನೀ ಕೊಟ್ರ ನಾ ಯಾರ ಜೋಡಿ ಜಗಳಾಡ್ಲಿ?”

“ನನ್ ಜೋಡೀನ ಆಡು. ನನಗ ಕೇಳೂದಿಲ್ಲ, ಅಷ್ಟ.”

“ಕೇಳದವರ ಜೋಡಿ ಜಗಳಾಡಾಕ ನನಗೇನ ಹುಚ್ಚ ಹಿಡದೈತೇನ?” ಎಂದು ಎದ್ದು ಹೋದಳು. ಹಿತ್ತಿಲಲ್ಲಿ ಮೂಗು ಸೀನುವ ಸದ್ದು ಕೇಳಿತು. ಮಗಳಿಗೆ ತನ್ನ ದನಿ ಬೇಕು ಎಂದು ಪಕ್ಕದ ಮನೆಯವರನ್ನು ಕೇಳಿಬಂದವಳು ನನ್ನೊಬ್ಬಳನ್ನು ಮಾತ್ರ ಕೇಳಲೊಲ್ಲಳು. ನನಗೂ ಧೈರ್ಯವಿರಲಿಲ್ಲ, ಸುಳ್ಳೇಕೆ ಹೇಳಲಿ? ಹೊಸ ಅಚ್ಚು ಮಾಡಬೇಕೆಂಬ ನೆವ ಹೇಳಿ ಮಷಿನ್ ತೆಗೆದಿಟ್ಟುಕೊಂಡೆ, ಮೂರು ದಿನ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ.

ನಾಲ್ಕನೆಯ ದಿನ ಮಧ್ಯಾಹ್ನ, ಕಸ್ತೂರಿ ಶಾಲೆಯಲ್ಲಿದ್ದಾಗ, ಒಂದು ಕೆಲಸ ಮಾಡಿದೆ. ಫಕೀರವ್ವ ನೆರಳಿನಲ್ಲಿ ಒದ್ದೆ ಚೀಲ ಮುಚ್ಚಿ ಇಟ್ಟಿದ್ದ ಸವತೆಕಾಯಿಯ ಬುಟ್ಟಿಯನ್ನು ಎತ್ತಿ ಉರಿಬಿಸಿಲಿನಲ್ಲಿ ಇಟ್ಟು ಬಂದೆ. ಆ ದನಿ ಹೋಗುವ ಮೊದಲು ಒಂದು ಸಲ ಕಿವಿತುಂಬ ಕೇಳಬೇಕು ಅನಿಸಿತ್ತು.

ಅವಳು ಬಂದು ನೋಡಿದಳು. ಆಹಾ, ಆಮೇಲೆ ಏನು ಬಾಯಿ ಅಂತೀರಿ! ಹದಿನೈದು ದಿನದ ಬಾಕಿಯೆಲ್ಲ ಒಮ್ಮೆಗೇ ಬಂತು. ಸವತೆಕಾಯಿಯಿಂದ ಶುರುವಾಗಿ ಅವಳ ಎಂಟನೆಯ ವಯಸ್ಸಿನಲ್ಲಿ ನಾನು ಕದ್ದು ತಿಂದ ಬೆಲ್ಲದವರೆಗೆ ಹೋಯಿತು, ನಮ್ಮ ಅತ್ತೆಮಂದಿಯನ್ನೆಲ್ಲ ಸುತ್ತಿ ಮತ್ತೆ ಸವತೆಕಾಯಿಗೆ ಬಂತು. ನಾನು ತಿರುಗಿ ಒಂದು ಮಾತೂ ಆಡಲಿಲ್ಲ. ಗೋಡೆಗೆ ಆನಿಕೊಂಡು ಕೂತು, ಮಷಿನ್ ಹಿಡಿದ ಮುಷ್ಟಿಯನ್ನು ಕಿವಿಗಿಟ್ಟುಕೊಂಡು ಕೇಳಿದೆ. ಅವಳ ಬೈಗುಳದಲ್ಲಿ ಅಳುವಿತ್ತು, ನಡುವೆ ಒಮ್ಮೆ ನಗುವೂ ಬಂತು. ನಾನು ತಿರುಗಿ ಬೈಯದ್ದು ಅವಳಿಗೆ ಅನುಮಾನ ತರಿಸಿತು. ಮಾತು ನಿಲ್ಲಿಸಿ ಹತ್ತಿರ ಬಂದಳು. ನನ್ನ ಮುಷ್ಟಿ ನೋಡಿದಳು.

“ಅಕ್ಕಾ,” ಅಂದಳು. “ತಡಿ. ಒಂದ್ ಮಾತ ಹೇಳ್ತೀನಿ, ಅದನ್ನ ಕೇಳಿ ಆಮ್ಯಾಲೆ—”

ಅದನ್ನು ಕೇಳಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಕೊಟ್ಟೆ ಅಂದುಬಿಟ್ಟೆ.

ಅವಳ ತುಟಿಗಳು ಅಲುಗುತ್ತಲೇ ಇದ್ದವು. ಹೊರಗೆ ಕಾಗೆ ಕೂಗಿದ್ದು, ಗಾಣ ಕಿರುಗುಟ್ಟಿದ್ದು, ಗುರುಶಾಂತಪ್ಪನವರು ಯಾರಿಗೋ ಲೋಕೋಪಕಾರದ ಬಗ್ಗೆ ಹೇಳುತ್ತಿದ್ದದ್ದು, ಎಲ್ಲವೂ ಕೇಳುತ್ತಿತ್ತು. ಜಗತ್ತಿನಲ್ಲಿ ಒಂದೇ ಒಂದು ಕಡಿಮೆಯಾಗಿತ್ತು.

ಸಂಜೆ ಕಸ್ತೂರಿ ಬಂದಳು. ಮಷಿನ್ ತೊಡಿಸಿದೆ. ಫಕೀರವ್ವ ಹಿಂದೆ, ಒಲೆಯ ಹತ್ತಿರ ನಿಂತಿದ್ದಳು, ಬಾಯಿ ತೆರೆಯಲು ಹೆದರುತ್ತಿದ್ದಳು. ನಾನು ತೆರಿ ಎಂದು ಕಣ್ಣಿನಲ್ಲೇ ಗದರಿದೆ. ಅವಳ ತುಟಿ ಚೂರೇ ಅಲುಗಿತು. ಕಸ್ತೂರಿ ಬೆನ್ನು ಮಾಡಿ ಕೂತಿದ್ದವಳು ತಿರುಗಿದಳು. ಬೆಚ್ಚಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಮೆಲ್ಲಗೆ ಎದ್ದು ಹೋಗಿ, ಒಂದು ಕೈ ಅವ್ವನ ಗಂಟಲಿಗೆ, ಇನ್ನೊಂದು ತನ್ನ ಕಿವಿಗೆ ಇಟ್ಟುಕೊಂಡು ನಿಂತಳು. ತಾಯಿ ಮಗಳು ಇಬ್ಬರೂ ಅಳುತ್ತಿದ್ದರು. ಕಸ್ತೂರಿಯ ಅಳು ನನಗೆ ಕೇಳುತ್ತಿತ್ತು.

ಊರಿಗೆ ಸುದ್ದಿ ಹಬ್ಬಿತು. ಸಿಕ್ಕಸಿಕ್ಕವರೆಲ್ಲ ಬೆನ್ನು ತಟ್ಟಿ, “ಅಂತೂ ಆ ಬಾಯಿಯಿಂದ ತಪ್ಪಿಸ್ಕೊಂಡಿ ನೋಡು, ಶಾಣ್ಯಾಕಿ ನೀನು” ಅಂದರು. ಗುರುಶಾಂತಪ್ಪನವರು ಶಾಲು ಹೊದಿಸಿ, ಕೊಡುವವರಿಗೂ ಪಡೆಯುವವರಿಗೂ ಇಷ್ಟು ಅನುಕೂಲವಾದ ದಾನ ಸಂಘದ ಇತಿಹಾಸದಲ್ಲೇ ಆಗಿಲ್ಲ, ತಾವು ಕೊಟ್ಟದ್ದನ್ನು ಬಿಟ್ಟರೆ, ಎಂದು ಮೈಕಿನಲ್ಲಿ ಹೇಳಿದರು. ಸಂಘದ ಬೋರ್ಡಿನ ಮೇಲೆ ‘ಕುಮಾರಿ ಕಸ್ತೂರಿಗೆ: ಕತ್ತೆ, ಕೆಮ್ಮು, ತಂಗಿಯ ಬಾಯಿ’ ಎಂದು ಒಂದೇ ಸಾಲಿನಲ್ಲಿ ಬರೆಸಿದ್ದಾರೆ. ನಾನು ನಕ್ಕು ಶಾಲು ಮಡಚಿಕೊಂಡು ಬಂದೆ. ಹೇಳಿದರೆ ಅವರಿಗೆ ಅರ್ಥವಾಗುವ ಸಂಗತಿಯಲ್ಲ ಅದು.

ಯುಗಾದಿ ಬಂತು, ಹೋಯಿತು. ಫಕೀರವ್ವ ಮತ್ತೆ ಓಣಿಯಲ್ಲಿ ಕೂಗುತ್ತಾಳೆ, ಬುಟ್ಟಿ ಹಿಡಿದು ಹೆಂಗಸರು ಬರುತ್ತಾರೆ, ಕಸ್ತೂರಿ ಗಾಡಿಯ ಮೇಲೆ ಕೂತು ಕಾಲು ಕುಣಿಸುತ್ತಾಳೆ. ಮನೆಯಲ್ಲಿ ನಾನೂ ಫಕೀರವ್ವನೂ ಜಗಳ ಬಿಟ್ಟಿಲ್ಲ. ಅವಳ ಹುಬ್ಬು ನೋಡಿ ಅಂದಾಜಿನ ಮೇಲೆ ಉತ್ತರ ಕೊಡುತ್ತೇನೆ, ಹತ್ತರಲ್ಲಿ ಆರು ಸರಿಹೋಗುತ್ತವೆ. ಆದರೆ ಮಗಳ ಬಾಯಿಂದ ಮಾತು ಬಂದಿರಲಿಲ್ಲ. ಅಕ್ಕೋರು ತಾಳ್ರಿ, ಕಿವಿ ತುಂಬಿದ ಮ್ಯಾಲೆ ಬಾಯಿಗೆ ಬರತೈತಿ ಅನ್ನುತ್ತಿದ್ದರು. ತಡವಾಯಿತೇನೋ, ಮೂರು ದಿನ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದರಿಂದಲೇ ತಪ್ಪಿಹೋಯಿತೇನೋ ಎಂದು ನನ್ನ ಜೀವ ಹಾರುತ್ತಿತ್ತು.

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಕೂತು ನಾನು ಅಚ್ಚಿನ ಅಂಚು ಉಜ್ಜುತ್ತಿದ್ದೆ. ಫಕೀರವ್ವ ನನ್ನೆದುರು ಮೆಂತೆಪಲ್ಲೆ ಸೋಸುತ್ತಿದ್ದಳು. ತಲೆ ತಗ್ಗಿಸಿ ಏನೋ ಹೇಳತೊಡಗಿದಳು. ಮುಖ ಕಾಣದ್ದರಿಂದ ಬೈಗುಳವೋ ಏನೋ ಗೊತ್ತಾಗಲಿಲ್ಲ. ಬಹಳ ಹೊತ್ತು ಹೇಳಿದಳು. ನಡುವೆ ಕೈ ನಿಂತಿತು, ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ಅವಳ ತೊಡೆಗೆ ಒರಗಿದ್ದ ಕಸ್ತೂರಿ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಕೇಳಿಸಿಕೊಂಡವಳಿಗೆ ಅದರ ಅರ್ಥ ಗೊತ್ತಿಲ್ಲ, ಅರ್ಥವಾಗಬೇಕಾದ ನನಗೆ ಕೇಳುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಕಸ್ತೂರಿಯ ಮೊಣಕಾಲು ತಟ್ಟಿ, ಏನಂತಾಳೆ ಎಂದು ಕೈಸನ್ನೆ ಮಾಡಿದೆ.

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ಅಷ್ಟೂ ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದು ಯಾವುದೋ ಅದನ್ನು ಹುಡುಕುತ್ತಿದ್ದಳೆಂದು ಕಾಣುತ್ತದೆ. ತುಟಿ ತೆರೆದಳು, ಮುಚ್ಚಿದಳು, ತೆರೆದಳು.

“ಅ… ಕ್ಕಾ,” ಅಂದಳು. ತೊದಲುತ್ತ, ಒರಟಾಗಿ. ಆದರೆ ಕೊನೆಯಲ್ಲಿ ಎಳೆಯುವ ಆ ಎಳೆತ ನಲವತ್ತು ವರ್ಷಗಳಿಂದ ನನ್ನನ್ನು ಕರೆದ ಎಳೆತವೇ. “ಅಕ್ಕಾ. ಅಕ್ಕಾ.”

ನಾನು ಅವಳಿಗೆ ದೊಡ್ಡವ್ವ ಆಗಬೇಕು. ತಿದ್ದಬೇಕಾಗಿತ್ತು. ಆದರೆ ನನ್ನ ಬಾಯಿ ಅಷ್ಟರಲ್ಲಿ ಉತ್ತರ ಕೊಟ್ಟಾಗಿತ್ತು.

“ಏನ ತಂಗೀ?” ಅಂದೆ.